ಷರಾ ಕಾಲಂ

ಬೆಳ್ತಂಗಡಿಯ ಬೆಳಗಿನ ಬಸ್ಸಿನಲ್ಲಿ
ಐತಪ್ಪಣ್ಣ ಕಳಿಸುವ ಬಿಸ್ಕೀಟಿನ ಡಬ್ಬ
ಪಂಪ್‌ವೆಲ್ಲಿನಲ್ಲಿ ಕಂಡಕ್ಟರ ಕೈಯಿಂದ ನನ್ನ ಕೈಗೆ.
"ಎಂತ ಉಂಟು ಇದರಲ್ಲಿ, ಕರಕರ ಹೇಳ್ತದೆ?"
ಹುಳ ಎಂದರೆ ಮುಂದಿನ ಸಲ ತರಲಿಕ್ಕಿಲ್ಲ.
"ಮೇಣ" ಎಂದೆ. ಅರ್ಧ ಸತ್ಯ.
ಮೇಣ ತಿಂದೇ ಮೈ ಬೆಳೆಸಿದವು ಅವು,

ಜೇನುಪೆಟ್ಟಿಗೆಗೆ ಬಿದ್ದ ಪತಂಗದ ಮರಿಗಳು.
ಎರಿಯೊಳಗೆ ಸುರಂಗ ಕೊರೆದು, ಬಲೆ ನೇಯ್ದು
ತುಂಬಿದ ಒಕ್ಕಲನ್ನೇ ಎಬ್ಬಿಸಿಬಿಡುತ್ತವೆ.
ಮೊದಲು ಬೆಂಕಿಗೆ ಹಾಕುತ್ತಿದ್ದ ಐತಪ್ಪಣ್ಣ.
ಈಗ ಒಂದಕ್ಕೆ ಎರಡು ರೂಪಾಯಿ.
"ನೀವು ಹುಳಕ್ಕೆ ಕೊಡುವ ಮರ್ಯಾದೆ
ನನ್ನ ಜೇನಿಗೆ ಯಾರೂ ಕೊಡಲಿಲ್ಲ ಮಾರಾಯ್ರೆ"
ಎಂದು ಫೋನಿನಲ್ಲಿ ನಗುತ್ತಾನೆ.

ದೇರಳಕಟ್ಟೆ. ಮೂರನೇ ಮಹಡಿ.
ಕೆನೆಬಣ್ಣದವು ಮಾತ್ರ ಬೇಕು, ತೂಕ ಕಾಲು ಗ್ರಾಂ,
ಮೈಮೇಲೆ ಚುಕ್ಕೆಯಿದ್ದರೆ ಬೇಡ.
ಹುಡುಗಿ ನೋಡಲು ಬಂದವರ ಹಾಗೆ
ಒಂದೊಂದನ್ನೂ ಬೆಳಕಿಗೆ ಹೊರಳಿಸುತ್ತೇನೆ.
(ನನ್ನನ್ನೂ ಇಬ್ಬರು ಹೀಗೆ ಹೊರಳಿಸಿ ಹೋಗಿದ್ದರು.)

ಹತ್ತಕ್ಕೆ ಬರೀ ಉಪ್ಪುನೀರು.
ಹತ್ತಕ್ಕೆ ಕಾಯಿಲೆ.
ಹತ್ತಕ್ಕೆ ಕಾಯಿಲೆ, ಅದರ ಬೆನ್ನಿಗೇ ಮದ್ದು.
ಎಡಬದಿಯ ಕೊನೆಯ ಕಾಲಿಗೆ ಸೂಜಿ.
ಕಾಲೆಂದರೆ ಕಾಲಲ್ಲ, ಮಾಂಸದ ಮೊಳಕೆ.
ಸೂಜಿ ತಾಗಿದ್ದೇ ನನ್ನ ಬೆರಳನ್ನು ಅಪ್ಪಿಕೊಳ್ಳುತ್ತದೆ.
ಇದನ್ನು ಯಾವ ಪ್ರೋಟೋಕಾಲಿನಲ್ಲೂ ಬರೆದಿಲ್ಲ.

ಇಲಿಗಾದರೆ ಸಮಿತಿ ಕೂರಬೇಕು,
ಮೂರು ಪ್ರತಿ ಅರ್ಜಿ, ಪಶುವೈದ್ಯರ ರುಜು.
ಹುಳಕ್ಕೆ ಯಾರ ರುಜುವೂ ಬೇಡ.
"ನಮ್ಮ ಮೈಯ ಬಿಸಿಯಲ್ಲೇ ಬದುಕುತ್ತವೆ ಜೂಲಿಯಾನ,
ನಮ್ಮಂತೆಯೇ ಕೀಟಾಣು ನುಂಗುವ ಕಣಗಳುಂಟು,"
ಶಮ್ಶಾದ್ ಮೇಡಂ ಕನ್ನಡಕ ಒರೆಸುತ್ತಾ ಹೇಳುತ್ತಾರೆ.
ಹಾಗಾದರೆ ನೋವು? ಎಂದು ಕೇಳಿದ್ದೆ ಒಮ್ಮೆ.
ಕನ್ನಡಕ ಇನ್ನೂ ಸ್ವಲ್ಪ ಹೊತ್ತು ಒರೆಸಿದರು.

ಟ್ಯೂಬಿನ ಮೇಲೆ ಬರೀ ನಂಬರು, ಹತ್ತೊಂಬತ್ತು.
ಹೆಸರು ಬರೆಯುವ ಹಾಗಿಲ್ಲ.
ಆದರೆ ಕೆಳಗೆ ರಿಪೋರ್ಟಿನ ಕಿಟಕಿಯ ಬಳಿ
ಬೆಂಗ್ರೆಯ ಹೆಂಗಸೊಬ್ಬಳು ನನ್ನ ಕೋಟು ಹಿಡಿದಿದ್ದಳು:
"ತೇಡೆ ಮೀನಿನ ಮುಳ್ಳು ತಾಗಿದ್ದು ಅಕ್ಕ, ಬೆರಳಿಗೆ.
ಸಂಜೆಗೆ ಮೊಣಕೈ ತನಕ ಕಪ್ಪು.
ಒಂದು ಮುಳ್ಳಿಗೆ ಹಾಗಾಗ್ತದಾ?"
ನನಗೆ ಗೊತ್ತಿದ್ದದ್ದು ಬ್ಯಾಕ್ಟೀರಿಯಾದ ಹೆಸರು.
ಅವಳ ಗಂಡನದ್ದು ಗೊತ್ತಿರಲಿಲ್ಲ.
"ಡಾಕ್ಟರಲ್ಲಿ ಕೇಳಿ" ಎಂದೆ.

ಆರನೇ ಗಂಟೆಗೆ ಬೆನ್ನಗೆರೆಯಲ್ಲಿ ಮಸಿಯ ಚುಕ್ಕೆ.
ಹನ್ನೆರಡಕ್ಕೆ ಸುಟ್ಟ ಗೇರುಬೀಜ.
ಒಳಹೊಕ್ಕವನ ಸುತ್ತ ಹುಳ ಕಟ್ಟುವ ಕೋಟೆಯ ಬಣ್ಣವಂತೆ,
ಕಟ್ಟುತ್ತಾ ಕಟ್ಟುತ್ತಾ ತಾನೂ ಅದರೊಳಗೇ.
ರಾತ್ರಿ ಎರಡಕ್ಕೆ ಬ್ರಷ್ಷಿನ ತುದಿಯಿಂದ
ಒಂದೊಂದನ್ನೂ ಎಬ್ಬಿಸಿ ನೋಡುತ್ತೇನೆ.
ಅಲುಗಿದರೆ ಒಂದು. ಇಲ್ಲದಿದ್ದರೆ ಸೊನ್ನೆ.
ಕೆಳಗೆ ಆಂಬುಲೆನ್ಸು ಹಿಮ್ಮುಖ ಬರುವ ಕೂಗು.

ಮದ್ದು ಸಿಕ್ಕಿದ ಹತ್ತರಲ್ಲಿ ಏಳು ಉಳಿದವು.
ಮೇಡಂ ಎಲ್ಲರಿಗೂ ನೀರುದೋಸೆ ತರಿಸಿದರು.
ಅಷ್ಟರಲ್ಲಿ ಹನ್ನೊಂದು ದಿನ ಕಳೆದಿತ್ತು,
ಐಸಿಯುವಿನ ಆ ಹಾಸಿಗೆಗೆ ಹೊಸ ಹೊದಿಕೆ.
ಮನೆಗೆ ಹೋದನಾ, ಅಥವಾ...
ನರ್ಸ್ ಎದುರಿಗೇ ಇದ್ದಳು, ನಾನು ಕೇಳಲಿಲ್ಲ.

ಬದುಕಿದವೂ ಕೊನೆಗೆ ಫ್ರೀಜರಿಗೇ, ಅದು ನಿಯಮ.
ಉಪ್ಪುನೀರಿನವು ಹತ್ತು, ಮದ್ದಿನವು ಏಳು.
ಮೂರು ಸಲ ಎಣಿಸಿದೆ. ಹದಿನಾರು.

ತಪ್ಪಿಸಿಕೊಂಡದ್ದು ಸಿಕ್ಕಿತು, ಎರಡು ವಾರದ ಮೇಲೆ,
ಡ್ರಾಯರಿನ ಮೂಲೆಯಲ್ಲಿ, ಹರಿದ ಗೂಡಿನ ಪಕ್ಕ,
ಬೂದಿಬಣ್ಣದ ರೆಕ್ಕೆ ಮಡಚಿ ಕೂತಿತ್ತು.
ಉಪ್ಪುನೀರಿನದ್ದೋ, ಮದ್ದಿನದ್ದೋ?
ಕೇಳಿದರೆ ಹೇಳಲು, ಉಣ್ಣಲು ಕೂಡ, ಬಾಯಿಯಿಲ್ಲ ಅದಕ್ಕೆ.
ಉಣ್ಣಬೇಕಾದ್ದನ್ನೆಲ್ಲ ಐತಪ್ಪಣ್ಣನ ಪೆಟ್ಟಿಗೆಯಲ್ಲೇ
ಉಂಡು ಮುಗಿಸಿದೆ.

ಗಾಜಿನ ತಟ್ಟೆ ಮುಚ್ಚಿದೆ.
ಹೊರಗೆ ಬಿಡುವ ಹಾಗಿಲ್ಲ, ಮೈಯಲ್ಲಿ ಏನಿದೆಯೋ;
ಬಿಟ್ಟರೂ ಅದು ಹುಡುಕುವುದು
ಇನ್ಯಾರದೋ ಜೇನುಗೂಡನ್ನೇ.
ರಿಜಿಸ್ಟರು ತೆರೆದಿದೆ. ಷರಾ ಕಾಲಂನಲ್ಲಿ
"ಒಂದು ಕಡಿಮೆ" ಎಂದು ಬರೆದು, ಹೊಡೆದುಹಾಕಿ,
ಪೆನ್ನು ಹಿಡಿದು ಕೂತಿದ್ದೇನೆ.

ಫೋನು ಕುಣಿಯುತ್ತಿದೆ, ಐತಪ್ಪಣ್ಣ:
ಗುರುವಾರ ಎಷ್ಟು ಕಳಿಸಬೇಕು?