ಸವಕಳಿ

ಎಂಟು ಗುಲಗಂಜಿಗೆ ಒಂದು ಮಾಸಿ,
ಹನ್ನೆರಡು ಮಾಸಿಗೆ ಒಂದು ತೊಲಿ.
ಅಪ್ಪ ಬೆನ್ನಿಗೆ ಗುದ್ದಿ ಕಲಿಸಿದ ಲೆಕ್ಕ
ದುಬೈಯ ಈ ದೇರಾದಾಗ, ಮೂರನೇ ಮಜಲಿಯ ವರ್ಕ್‌ಶಾಪಿನ್ಯಾಗ
ಯಾರಿಗೂ ಬೇಕಾಗಿಲ್ಲ.
ಇಲ್ಲಿ ಗಾಜಿನ ಪೆಟಗಿಯೊಳಗ ಕೂತ ತಕ್ಕಡಿ
ಉಸಿರು ಬಿಟ್ಟರೂ ಅಂಕಿ ಬದಲಸ್ತದ.

ಸಂಜಿಕ ಏಳಕ್ಕ
ಅಂಗಿ ಝಾಡಿಸಬೇಕು ತಾಟಿನ ಮ್ಯಾಲ,
ತಲಿ ಬಾಚಬೇಕು, ಉಗುರಿನ ಸಂದಿ ತಿಕ್ಕಬೇಕು.
ಕೈ ತೊಳದ ನೀರು ಮೋರಿಗೆ ಹೋಗೂದಿಲ್ಲ,
ನೀಲಿ ಡ್ರಮ್ಮಿಗೆ ಹೋಗ್ತದ.
ಆರು ತಿಂಗಳಿಗೊಮ್ಮೆ ಕುದಿಸಿ, ಸೋಸಿ,
ನಮ್ಮ ಮೈಗೆ ಹತ್ತಿದ ಬಂಗಾರ ತಕ್ಕೋತಾರ.
ಇಷ್ಟಾದರೂ ನೂರು ಗ್ರಾಮಿಗೆ ಒಂದೀಟು ಕಮ್ಮಿ ಬಿದ್ದೇ ಬೀಳ್ತದ.
ಅದಕ್ಕ ಸವಕಳಿ ಅಂತಾರ.
ಸೇಠ ಗಟ್ಟಿ ಮನಿಷಾ,
ಅಂವನೂ ಬುಕ್ಕಿನ್ಯಾಗ ಅದಕ್ಕೊಂದು ಕಾಲಂ ಹಾಕ್ಯಾನ.

ಮಾನಪ್ಪ ಪತ್ತಾರ ರಜಾ ಮುಗಿಸಿ ಬಂದ ರಾತ್ರಿ
ಏರ್‌ಪೋರ್ಟಿನ್ಯಾಗ ಕೋಟು ಝಾಡಿಸಿದರು.
ಒಳಕಿಸೆದ ಮೂಲ್ಯಾಗ, ಹೊಲಿಗಿ ಬಿಚ್ಚಿದಲ್ಲಿ,
ನೂಲಿನ ಜುಂಗು, ಬಸ್ಸಿನ ಟಿಕೀಟಿನ ಚೂರು,
ಅದರ ಕೂಡ ಒಂದಿಷ್ಟು ಒಣ ಹಸರು.
ತೂಗಿದರು.
ಅರ್ಧ ಗ್ರಾಮು.
ನಾ ಮನಸಿನ್ಯಾಗ ಮಾಡಿದೆ: ನಾಕು ಗುಲಗಂಜಿ,
ಒಂದು ಕೂದಲೆಳಿ ಹೆಚ್ಚು.
ಕೋರ್ಟು ಮಾಡಿದ್ದು ನಾಕು ವರ್ಷ.

ನಮ್ಮ ಕಡೆ ಮೌನಪ್ಪನ ಕಟ್ಟಿ ಮ್ಯಾಲ ಅದು ಪ್ರಸಾದ
ಅಂತ ದುಭಾಷಿಗೆ ಹೇಳಿದನಂತ ಮಾನಪ್ಪ.
ದುಭಾಷಿ ಕಾಸರಗೋಡಿನವ, ಒಳ್ಳೆಯವ.
ಆ ಮಾತು ಅರಬ್ಬಿಗೆ ಹೊಂದಲಿಲ್ಲ, ಬಿಟ್ಟುಬಿಟ್ಟ.

ಎರಡು ವರ್ಷ ಕಳದ ಮ್ಯಾಲ ಈಗ
ಶಾಫಿ ಫೋನು ಹಿಡಕೊಂಡು ಓದಿ ಹೇಳ್ದ,
ಕಾನೂನು ಬದಲಾಗ್ತದಂತ.
ಚೂರುಪಾರು ಸಿಕ್ಕರ, ಮೊದಲ ಸಲ ಆದರ, ಜೇಲಿಲ್ಲಂತ,
ಸಾಮಾನು ಕಸಗೊಂಡು ಮನಿಷಾನ್ನ ಬಿಡ್ತಾರಂತ.
"ಇನ್ನ ಹುಡುಗರು ಕೆಡ್ತಾರೆ" ಅಂದ ಅಡಿಗಿ ಮಾಡೂ ಹಸನಬ್ಬ.
ಅಂವನ ತಮ್ಮ ಆ ಚಟದಾಗೇ ಹೋದಾವ,
ಯಾರೂ ತಿರುಗಿ ಮಾತಾಡಲಿಲ್ಲ.
ಬಂಗಾಳದ ತಪನ ಹಿಂದಿಯೊಳಗ ಕೇಳಿದ,
"ಚೂರು ಅಂದ್ರ ಎಷ್ಟು? ಗೆರಿ ಎಲ್ಲಿ ಎಳೀತಾರ?"
ಎಲ್ಲಾರೂ ನನ್ನ ಕಡೆ ನೋಡಿದರು,
ತೂಗಾವ ನಾನಲ್ಲೇನು.

ನಾ ಏನ್ ಹೇಳ್ಲಿ.
ಗೆರಿ ಎಲ್ಲಿ ಎಳದರೂ ಅದರ ಆಚೆ
ಒಂದು ಗುಲಗಂಜಿ ಕೂತಿರ್ತದ
ಕೆಂಪಗ, ಕರೀ ಕಣ್ಣು ತಕ್ಕೊಂಡು.
ಆದರೂ ಎಳೀಬೇಕು.
ಎಳದರ ಕೆಲವರಾದರೂ ಈಚೆ ಉಳೀತಾರ.

ಶುಕ್ರವಾರ ಮಾನಪ್ಪನ ಫೋನು, ಹತ್ತು ನಿಮಿಷ.
ಸುದ್ದಿ ಹೇಳಿದೆ.
"ಹಳೇ ತೂಕಕ್ಕ ಹೊಸ ತಕ್ಕಡಿ ಹಚ್ಚತಾರೇನು?" ಅಂದ.
ಗೊತ್ತಿಲ್ಲ ಅಂದೆ.
ಸುಮ್ಮನಾದ. ಆಮ್ಯಾಲ,
"ನಾ ಕೈ ತೊಳದ ನೀರು, ಆ ಡ್ರಮ್ಮು,
ಕುದಿಸಿದರೇನು? ಎಷ್ಟು ಬಂತು?"

ಅಲ್ಲೇ ಹೇಳಿಬಿಡಬೇಕಿತ್ತು.
ಊರಾಗ ಥಂಡಿ ಅದ ಅಂತ ಅಂವಗ ನಾನೇ ಕೊಟ್ಟ ಕೋಟು ಅದು.
ಹಿಂದಿನ ವರ್ಷ ಕಟ್ಟಿ ಮ್ಯಾಲ ಕೂತಾಗ ನನ್ನ ಮೈಮ್ಯಾಲಿತ್ತು.
ಅಂಗಿ ದಿನಾ ಝಾಡಿಸಾವ,
ಆ ಕಿಸೆ ಯಾವತ್ತೂ ಝಾಡಿಸಿದಾವಲ್ಲ.
ಅಂವಗ ಇದು ಗೊತ್ತದ.
ಕೋರ್ಟಿನ್ಯಾಗ ನನ್ನ ಹೆಸರು ಬರಲಿಲ್ಲ.

"ಇಷ್ಟೇ ಬಂತೋ" ಅಂದು
ಫೋನಿನ ಮುಂದ ಬೆರಳ ತುದಿ ತೋರಿಸಿದೆ,
ಅಂವಗ ಕಾಣೂದಿಲ್ಲ ಅನ್ನೂದು ಮರತು.