ಸ್ಥಾನ ಸಂಶಯ

ಬಲೆ ಹರಿದರೆ ಪರಿಹಾರ ಕೊಡುತ್ತಾರಂತೆ.
ಅರ್ಜಿಯ ಒಂಬತ್ತನೇ ಕಾಲಮ್ಮಿನಲ್ಲಿ
ಅಕ್ಷಾಂಶ, ರೇಖಾಂಶ ಬರೆಯಬೇಕಂತೆ.
ಹಬ್ಬುವಾಡದ ನನ್ನ ಝೆರಾಕ್ಸ್ ಅಂಗಡಿಗೆ
ಶಾಬು ತಾಂಡೇಲ ಬಂದದ್ದು ಹಾಗೆ,
ಹೆಗಲ ಮೇಲೆ ಹರಿದ ಬಲೆ, ಕೈಯಲ್ಲಿ ಅರ್ಜಿ,
ಗಾಜಿನ ಕೌಂಟರಿನ ಮೇಲೆ ಉಪ್ಪುನೀರಿನ ಗೆರೆ.

"ಎಲ್ಲಿ ಹರಿಯಿತು?" ಅಂದೆ.
"ಮ್ಹಾತಾರಿ ಫಾತರದ ಮೇಲೆ. ಮುದುಕಿ ಕಲ್ಲು."
ಹುಡುಕಿದೆ. ಫೋನಿನ ನಕ್ಷೆಯಲ್ಲಿ
ಕಡಲೆಂದರೆ ಬರೀ ನೀಲಿ.
ದಡದಲ್ಲಿ ಐಸ್‌ಕ್ರೀಂ ಅಂಗಡಿ ಏಳು, ಎಟಿಎಂ ನಾಲ್ಕು,
ಅಲ್ಲಿಂದಾಚೆ
ಯಾರೂ ಯಾವುದಕ್ಕೂ ಹೆಸರಿಟ್ಟಿಲ್ಲ.

ಪಹಣಿ ತೆಗೆಸುವವರು ಹೋದ ಮೇಲೆ
ಶಟರ್ ಅರ್ಧ ಎಳೆದು
ನಾನು ನೋಡುವ ಹಳೆಯ ನಕ್ಷೆಗಳಿವೆ,
ಯಾವುದೋ ದೂರದ ಗ್ರಂಥಾಲಯ
ಸ್ಕ್ಯಾನ್ ಮಾಡಿ ಪುಕ್ಕಟೆ ಇಟ್ಟದ್ದು.
ಅವುಗಳಲ್ಲೊಂದು ನಮ್ಮ ಕೊಲ್ಲಿ:
ಚಹಾ ಚೆಲ್ಲಿದ ಬಣ್ಣದ ಕಾಗದ,
ಮಡಿಕೆಯಲ್ಲಿ ಕಾಳಿಯ ಬಾಯಿ ಚೂರು ಹರಿದಿದೆ.
ಅದರಲ್ಲಿ ಊರು ಬೋಳು, ಕಡಲು ಕಿಕ್ಕಿರಿದಿದೆ.
ಇರುವೆ ಸಾಲಿನಂತೆ ಅಂಕಿ, ಒಂದೊಂದೂ ಒಂದು ಆಳ,
ಎಲ್ಲ ಮಾರಿನ ಲೆಕ್ಕ.
ಮಾರು ಗೊತ್ತಲ್ಲ, ಎಂದರೆ
ಶಾಬು ಎರಡೂ ಕೈ ಚಾಚಿದ;
ಒಂದು ಪ್ರಿಂಟರಿಗೆ ತಾಗಿತು.

ಮೂರೂವರೆ, ನಾಲ್ಕು, ನಾಲ್ಕು, ಐದು,
ನಡುವೆ ಪುಟ್ಟ ಶಿಲುಬೆ, ಪಕ್ಕದಲ್ಲಿ
ಇಂಗ್ಲಿಷಿನ ಎರಡಕ್ಷರ: ಪಿ, ಡಿ.
ಸ್ಥಾನ ಸಂಶಯ, ಅಂತ ಅರ್ಥ.
ಕಲ್ಲು ಇದೆ. ಎಲ್ಲಿದೆಯೆಂದು
ಆಣೆ ಮಾಡಲಾರೆ.
ಸೀಸದ ಗುಂಡು ಇಳಿಬಿಟ್ಟ ಆ ದೊರೆ
ಇಷ್ಟಾದರೂ ಒಪ್ಪಿಕೊಂಡನಲ್ಲ.

"ನಾ ಮಾಡ್ತೆ ಆಣೆ," ಅಂದ ಶಾಬು.

ಹಳೆಯದನ್ನು ಇಂದಿನದರ ಮೇಲೆ ಕೂರಿಸಲು
ಅಲ್ಲಾಡದ ಗುರುತು ಬೇಕು, ಕನಿಷ್ಠ ನಾಲ್ಕು.
ಅಲ್ಲಿದ್ದದ್ದು ಇಲ್ಲೇ ಇದೆ ಎಂದು
ಎರಡೂ ಕಡೆ ಮೊಳೆ ಹೊಡೆಯಬೇಕು.
ದೇವಗಡದ ದೀಪಸ್ತಂಭ, ಒಂದು.
ಸದಾಶಿವಗಡದ ನೆತ್ತಿ.
ಕೂರ್ಮಗಡದ ಮೂಗು.
ನಾಲ್ಕನೆಯದಕ್ಕೆ ದಡವನ್ನೆಲ್ಲ ತಡಕಿದೆ:
ಹೊಳೆ ಬಾಯಿ ಬದಲಿಸಿದೆ, ಮರಳು ಮನೆ ಬದಲಿಸಿದೆ,
ಗುಡ್ಡ ಕಡಿದು ಚತುಷ್ಪಥ ಹೋಗಿದೆ.

ಶಾಬು ಪರದೆ ನೋಡಲೇ ಇಲ್ಲ.
ಸ್ಟೂಲಿನ ಮೇಲೆ ದೋಣಿಯಲ್ಲಿ ಕೂತಂತೆ ಕೂತು
ಕಣ್ಣು ಮುಚ್ಚಿದ.
"ಕೂರ್ಮಗಡದ ಹೆಗಲಿಂದ ದೀಪದ ಕಂಬ
ಒಂದು ಗೇಣು ಹೊರಗೆ ಬರಬೇಕು. ಬಂತು?
ಈಗ ದಡಕ್ಕೆ ತಿರುಗು.
ಸುರಹೊನ್ನೆ ಮರ ಇಗರ್ಜಿಯ ಗಂಟೆಯನ್ನು
ಮುಚ್ಚಬೇಕು. ಮುಚ್ಚಿತು?
ಅಲ್ಲೇ. ಕೆಳಗೇ. ಮುದುಕಿ ಕೂತಿದಾಳೆ."

"ಆ ಮರ ಕಡಿದು ಹನ್ನೊಂದು ವರ್ಷ ಆಯ್ತಲ್ಲ, ಅಜ್ಜಾ."
ನನ್ನ ಶಾಲೆಯ ದಾರಿಯಲ್ಲಿತ್ತು ಅದು;
ಅದರ ಕಾಯಿ ನಮಗೆ ಗೋಲಿ.

"ಹೌದು. ಮರ ಇಲ್ಲ.
ಇದ್ದ ಜಾಗದಿಂದ ಮುಚ್ಚತದೆ."

"ಮತ್ತೆ ಬಲೆ ಯಾಕೆ ಹರೀತು?"

"ಚುಕ್ಕಾಣಿ ಮೊಮ್ಮಗನ ಕೈಲಿತ್ತು.
ಅಂವ ಮರ ಕಂಡವನಲ್ಲ."

ಹಳೆಯ ಕಾಗದವನ್ನು ದೊಡ್ಡದು ಮಾಡಿದೆ, ಇನ್ನೂ ದೊಡ್ಡದು.
ದಡದಲ್ಲಿ, ಉಗುರಿನಷ್ಟು, ಶಾಯಿಯ ಒಂದು ಮರ.
ಎದ್ದು ಕಾಣುವ ಮರ, ಎಂದು ಬರೆದಿದ್ದಾನೆ.
ಇದೇ ಮರವೋ, ಇದರಜ್ಜನೋ.
ಈಚೆಯ ನಕ್ಷೆಯಲ್ಲಿ ಅದೇ ಜಾಗಕ್ಕೆ,
ಲಾರಿಗಳು ಓಡಾಡುವ ಬರಿಗಾಳಿಗೆ,
ನಾಲ್ಕನೇ ಮೊಳೆ ಹೊಡೆದೆ.
ಒದ್ದೆ ಬಟ್ಟೆಯಂತೆ ಕಾಗದ ಜಗ್ಗಿ, ಹಿಗ್ಗಿ
ನೀಲಿಯ ಮೇಲೆ ಒರಗಿತು.
ಶಿಲುಬೆಗೂ ಶಾಬುವಿನ ಗೆರೆಗಳ ಕೂಡುಬಿಂದುವಿಗೂ
ಇಪ್ಪತ್ತಾರು ಮೀಟರ್ ವ್ಯತ್ಯಾಸ.
"ಅಷ್ಟು ಇರ್ತದೆ," ಅಂದ, "ಮುದುಕಿ ಸೊಂಟ."

ಒಂಬತ್ತನೇ ಕಾಲಮ್ಮು ತುಂಬಿತು, ದಶಮಾಂಶದ ಆರು ಅಂಕಿವರೆಗೆ.
ಹತ್ತನೆಯದು ಸಾಕ್ಷಿದಾರರ ಹೆಸರು.
"ಮರ ಅಂತ ಬರಿ," ಎಂದು ನಕ್ಕ,
ಆಮೇಲೆ ನಗಲಿಲ್ಲ.

ಮೊಮ್ಮಗನಿಗೊಂದು ಪ್ರತಿ ಬೇಕೆಂದ. ಕಲರ್ ಹತ್ತು ರೂಪಾಯಿ.
ಬಿಸಿ ಕಾಗದದ ಮೇಲೆ, ಹೆದ್ದಾರಿಯ ನಟ್ಟನಡುವೆ,
ಹಸಿರು ಬಾಲ್‌ಪೆನ್ನಿನಲ್ಲಿ ಮರ ಬಿಡಿಸಿದೆ.
ಶಾಬು ಕಾಗದವನ್ನು ಬೆಳಕಿಗೆ ಹಿಡಿದ:
"ಇನ್ನೂ ದೊಡ್ಡದು ಮಾಡು, ತಂಗೀ.
ಗಂಟೆ ಮುಚ್ಚಬೇಕು."