ರಿವೈಂಡ್ ಮಾಡದೆ ತಂದವರಿಗೆ ಒಂದು ಡಾಲರ್ ದಂಡ

ಮೊದಲ ಭಾಗದಲ್ಲಿ ಎಲ್ಲರೂ ಸತ್ತಿದ್ದರು.
ಆದರೂ ಎರಡನೆಯದು ಬಂತು, ದುಡ್ಡು ಹುಟ್ಟಿತ್ತಲ್ಲ.
ಸತ್ತವರಿಗೆಲ್ಲ ಅವಳಿ ತಮ್ಮಂದಿರು, ಅವಳಿ ತಂಗಿಯರು;
ಕೊಲೆಗಾರನಿಗೆ ಅದೇ ಮುಖವಾಡ,
ಅದರೊಳಗೆ ಕಡಿಮೆ ಸಂಬಳದವನೊಬ್ಬ.
‘ಚೀರಬೇಡಿ, ಮಗು ಮಲಗಿದೆ: ಭಾಗ ಎರಡು.’
ಹೆದರಿಸುವ ಸಿನಿಮಾಗಳನ್ನು ಅಣಕಿಸಿದ್ದು ಒಂದನೆಯದು,
ಒಂದನೆಯದನ್ನೇ ಅಣಕಿಸಿ ಹೊಟ್ಟೆ ಹೊರೆದದ್ದು ಇದು.

ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆ ಏರಿತ್ತಂತೆ.
ನಮ್ಮ ಡುಲೂತಿಗೆ ಬಂದರು, ಜನವರಿಯಲ್ಲಿ,
ಸರೋವರ ಕಲ್ಲಾಗಿ ಬಿದ್ದುಕೊಂಡಿದ್ದಾಗ.
ಮುಚ್ಚಿಹೋದ ಕ್ಷಯದ ಆಸ್ಪತ್ರೆ ಪುಕ್ಕಟೆ ಸಿಕ್ಕಿತು,
ಹೆಣಗಳೂ ಹೆಚ್ಚುಕಡಿಮೆ ಪುಕ್ಕಟೆ:
ದಿನಕ್ಕೆ ನಲವತ್ತು ಡಾಲರ್, ಮಧ್ಯಾಹ್ನ ಬಟಾಣಿ ಸೂಪು.
ಶಾಲೆ ಬಸ್ಸಿನ ಡ್ರೈವರ್ ಆರ್ವಿಡ್ ಲುಂಡ್‌ಕ್ವಿಸ್ಟ್
ಹದಿನೇಳನೇ ಮೇಜಿನ ಹೆಣವಾದ.
ಇಪ್ಪತ್ತಾರು ವರ್ಷ ಮಕ್ಕಳ ಗಲಾಟೆಗೆ ಕತ್ತು ಹೊರಳಿಸದವನು,
ಅಲುಗಾಡದೆ ಮಲಗುವುದು ಅವನಿಗೆಷ್ಟರ ಕೆಲಸ!

ಸೀನಿದ.

ನಾಯಕಿ ಅಣ್ಣನನ್ನು ಹುಡುಕುತ್ತ, ಬಿಳಿ ಬಟ್ಟೆ ಸರಿಸಿ
“ಇವನಲ್ಲ” ಎನ್ನುವಷ್ಟರಲ್ಲಿ
ಮುಖಕ್ಕೆ ಬಳಿದ ಜೋಳದ ಹಿಟ್ಟು ಮೂಗಿಗೆ ಹೊಕ್ಕು
ಹೆಣ ಎದ್ದು ಕೂತು ಸೀನಿತು, ಮೂರು ಸಲ,
ಕ್ಷಮೆ ಕೇಳಿತು,
ಕೇಳುತ್ತ ಕೇಳುತ್ತ ನಕ್ಕಿತು.
ಕ್ಯಾಮೆರಾದವನೂ ನಕ್ಕು ಆಸ್ಪತ್ರೆಯೇ ಅಲುಗಾಡಿತು.
ಕತ್ತರಿಸಿ ಬಿಸಾಕಿದರು.
ಚಿತ್ರಮಂದಿರದಲ್ಲಿ ಆರ್ವಿಡ್‌ನ ಪಾಲಿಗೆ ಉಳಿದದ್ದು
ಎಡಗಾಲ ಹೆಬ್ಬೆರಳು, ಅದಕ್ಕೆ ಕಟ್ಟಿದ ಚೀಟಿ.
ಊರಿಗೂರೇ ಆ ಬೆರಳಿಗೆ ಚಪ್ಪಾಳೆ ತಟ್ಟಿತು.

ಬೇಸಿಗೆಯಲ್ಲಿ ನಿಜವಾಗಿ ಸತ್ತ.
ದೋಣಿಗೆ ಬಣ್ಣ ಬಳಿಯುತ್ತಿದ್ದಾಗ, ಬ್ರಷ್ಷು ಕೈಯಲ್ಲೇ.
ನವೆಂಬರಿನ ಒಂದು ಮಂಗಳವಾರ ಕ್ಯಾಸೆಟ್ ಬಂತು.

ನಾನು ಐವರ್ ಲಾಕ್ಸೊ ವಿಡಿಯೊ ಅಂಗಡಿಯ ಕೌಂಟರಿನ ಹುಡುಗಿ.
ಡಬ್ಬದ ಮೇಲೆ ರಕ್ತ ಸೋರುವ ಅಕ್ಷರ:
“ಥಿಯೇಟರಿನಲ್ಲಿ ನೋಡದ್ದು! ಕೊನೆಗೆ ಒಂಬತ್ತು ನಿಮಿಷ ಎಡವಟ್ಟು!”
ಹನ್ನೆರಡು ಪ್ರತಿ ತರಿಸಿದ್ದೆವು.
ಬಾಗಿಲಲ್ಲಿ ರಟ್ಟಿನ ಕೊಲೆಗಾರ;
ಅವನ ಕೊಡಲಿಗೆ ಟೋಪಿ ನೇತುಹಾಕಿ ಜನ ಒಳಬರುತ್ತಿದ್ದರು.

ಸೊಲ್ವೇಗ್ ಬಂದಳು, ಆರ್ವಿಡ್‌ನ ಹೆಂಡತಿ.
ಚರ್ಚಿನ ಅಡುಗೆಮನೆಯಲ್ಲಿ ಕಾಫಿ ಹಂಡೆಯನ್ನು ಆಳುವವಳು,
ಇಂಥದ್ದೆಲ್ಲ ನೋಡುವವಳಲ್ಲ.
ಒಯ್ದಳು. ಮರುದಿನ ತಂದಳು. ಮತ್ತೆ ಒಯ್ದಳು.
ಪ್ರತಿಸಲವೂ ರಿವೈಂಡ್ ಮಾಡದೆ.
ಪ್ರತಿಸಲವೂ ದಂಡದ ಡಾಲರನ್ನು
ಮೊದಲೇ ನಾಲ್ಕಾಗಿ ಮಡಿಚಿ ಕೈಗವಸಿನೊಳಗೆ ಇಟ್ಟುಕೊಂಡು.

“ಒಂದು ಗುಂಡಿ ಒತ್ತಿದರಾಯಿತಲ್ಲ,” ಅಂದೆ ಒಮ್ಮೆ.
“ಒತ್ತಿದೆ, ಮೊದಲ ದಿನ,” ಅಂದಳು.
“ನಗು ಬಾಯೊಳಗೆ ವಾಪಸು ಹೋಗುತ್ತೆ.
ಸೀನು ವಾಪಸು ಹೋಗುತ್ತೆ.
ಮಲಗುತ್ತಾನೆ. ಬಟ್ಟೆ ಮುಖದ ಮೇಲೆ ತಾನಾಗಿ ಬರುತ್ತೆ.
ಅದು ನನ್ನ ಕೈಲಿ ಆಗೋದಿಲ್ಲ.
ನಿಮ್ಮ ಯಂತ್ರ ಮಾಡಲಿ.”
ಆಮೇಲೆ, ಏನೋ ನೆನಪಾಗಿ:
“ಮೂರನೇ ಸೀನಿಗೆ ಪ್ರೋಸಿಟ್ ಅಂತೀನಿ.
ಮೊದಲೆರಡಕ್ಕೇ ಅಂದುಬಿಟ್ಟರೆ ಅವನಿಗೆ ಸಿಟ್ಟು.”

ನಮ್ಮ ರಿವೈಂಡ್ ಯಂತ್ರಕ್ಕೆ ಪರದೆಯೇ ಇರಲಿಲ್ಲ.
ಕೆಂಪು ಕಾರಿನ ಆಕಾರ, ಗುಯ್ಯೆನ್ನುತ್ತಿತ್ತು ಅಷ್ಟೆ.
ಆದರೂ ಆ ಒಂಬತ್ತನೇ ಪ್ರತಿಯನ್ನು ಅದರ ಹೊಟ್ಟೆಗೆ ತಳ್ಳುವಾಗ
ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಮಾರ್ಚಿನಲ್ಲಿ ಹಳೆ ಪ್ರತಿಗಳನ್ನು ಮೂರು ಡಾಲರಿಗೆ ಮಾರಿದೆವು.
ದಂಡದ ಲೆಕ್ಕ ನೋಡಿದೆ: ಆಕೆಯದೇ ನಲವತ್ತೊಂದು,
ಹೆಣದ ದಿನಗೂಲಿಗಿಂತ ಒಂದು ಜಾಸ್ತಿ.
ಒಂಬತ್ತನೆಯದನ್ನು ಎತ್ತಿಟ್ಟಿದ್ದೆ, ಸುಮ್ಮನೆ ಕೊಡೋಣವೆಂದು.
ಬೇಡವೆಂದಳು.
“ಮನೆಯಲ್ಲೇ ಇದ್ದರೆ ಹಿಂದಕ್ಕೆ ನಾನೇ ಸುತ್ತಬೇಕಲ್ಲ.”

“ಮೂರನೇ ಭಾಗ ಬರುತ್ತಂತೆ,” ಅಂದೆ, ಬೇರೇನೂ ತೋಚದೆ.
ಕೊಡಲಿಯಿಂದ ತನ್ನ ಉಣ್ಣೆ ಟೋಪಿ ಬಿಡಿಸಿಕೊಳ್ಳುತ್ತ
“ಅವನಿಗೆ ಅವಳಿ ತಮ್ಮ ಇರಲಿಲ್ಲ,” ಅಂದಳು.